ನೆಗೆಟಿವ್ ಯಾರ ಕೈಯಲ್ಲಿ?

2005ರ ಏಪ್ರಿಲ್ ನಡುವಿನಲ್ಲಿ ಥಾಮಸ್ ನೋಲ್ ಎಂಬ ಅಮೆರಿಕದ ಪ್ರೋಗ್ರಾಮರ್ ಎಲ್ಲರಿಗೂ ಕೇಳುವಂತೆ ಒಂದು ಆಕ್ಷೇಪ ಎತ್ತಿದರು. ತಮ್ಮ ಜಾನ್ ಜೊತೆಗೂಡಿ ಫೋಟೊಶಾಪ್ ಬರೆದವರು ಇವರೇ ಆದ್ದರಿಂದ ಮಾತಿಗೆ ತೂಕವಿತ್ತು. ನಿಕಾನ್ ಕಂಪನಿ ಆಗಷ್ಟೇ ಪೇಟೆಗೆ ಬಿಟ್ಟಿದ್ದ ಡಿ2ಎಕ್ಸ್ ಎಂಬ ದುಬಾರಿ ಕ್ಯಾಮೆರಾ, ಚಿತ್ರದ ಜೊತೆಗೆ ದಾಖಲಿಸುವ ವೈಟ್ ಬ್ಯಾಲೆನ್ಸ್ ಅಂಕಿಗಳನ್ನು ಗೂಢಲಿಪಿಯಲ್ಲಿ ಬರೆದಿಡುತ್ತಿತ್ತು. ನಿಕಾನ್‌ನ ತಂತ್ರಾಂಶಕ್ಕೆ ಅದು ಓದಲು ಬರುತ್ತಿತ್ತು, ಉಳಿದವರಿಗೆ ಬರುತ್ತಿರಲಿಲ್ಲ. ಉಳಿದವರು ಆ ಬೀಗ ತೆರೆಯಲು ಹೊರಟರೆ ಅಮೆರಿಕದ ಕಾನೂನು ಅವರನ್ನು ಅಪರಾಧಿಗಳೆಂದು ಕರೆಯಬಹುದಿತ್ತು. ನೋಲ್ ಅವರ ಆತಂಕ ಇದು.

ಕ್ಯಾಮೆರಾ ಹಿಡಿಯದವರಿಗೆ ಇದು ಕೂದಲು ಸೀಳುವ ತಕರಾರಿನಂತೆ ಕಾಣಬಹುದು. ನಮ್ಮ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಕಡೆ ರಾತ್ರಿ ಚಿತ್ರ ತೆಗೆಯುವವರಿಗೆ ಹಾಗಲ್ಲ. ಕೋಲದಲ್ಲಿ ಅರದಾಳ ಬಳಿದ ಮುಖದ ಒಂದು ಬದಿಗೆ ದೀವಟಿಗೆಯ ಕೆಂಪು ಬೆಳಕು, ಇನ್ನೊಂದು ಬದಿಗೆ ಚಪ್ಪರದ ಟ್ಯೂಬ್‌ಲೈಟಿನ ಹಸಿರು ಛಾಯೆ. ಕಂಬಳದ ಕರೆಯಲ್ಲಿ ಫ್ಲಡ್‌ಲೈಟ್ ಬೆಳಕು ಕೆಸರುನೀರಿಗೆ ಬಡಿದು ಕೋಣಗಳ ಹೊಟ್ಟೆಯ ಕೆಳಗಿನಿಂದ ಮೇಲಕ್ಕೆ ಚಿಮ್ಮುತ್ತದೆ. ಯಾವುದು ಬಿಳಿ ಎಂದು ಕ್ಯಾಮೆರಾ ಅಂದಾಜು ಮಾಡಬೇಕು, ವೈಟ್ ಬ್ಯಾಲೆನ್ಸ್ ಎಂದರೆ ಇದೇ. ಆ ಅಂದಾಜಿನ ಮೇಲೆ ಉಳಿದೆಲ್ಲ ಬಣ್ಣಗಳು ನಿಲ್ಲುತ್ತವೆ. ಜೆಪೆಗ್ ಚಿತ್ರದಲ್ಲಿ ಅಂದಾಜು ತಪ್ಪಿದರೆ ಅರದಾಳದ ಹಳದಿ ಕಿತ್ತಳೆಯಾಗಿ ಹೆಪ್ಪುಗಟ್ಟಿಬಿಡುತ್ತದೆ, ಅದನ್ನು ಮರಳಿ ಪಡೆಯುವುದು ಕಷ್ಟ. ರಾ ಫೈಲಿನಲ್ಲಿ ಹಾಗಾಗುವುದಿಲ್ಲ. ಸೆನ್ಸರ್ ಅಳೆದ ಬೆಳಕಿನ ಲೆಕ್ಕವನ್ನೇ ಅದು ಹಸಿಯಾಗಿ ಇಟ್ಟುಕೊಂಡಿರುತ್ತದೆ. ಜೆಪೆಗ್ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳನ್ನು ಕೊಟ್ಟರೆ, 12 ಬಿಟ್‌ನ ರಾ 4,096 ಮೆಟ್ಟಿಲುಗಳನ್ನು, 14 ಬಿಟ್‌ನದು 16,384 ಮೆಟ್ಟಿಲುಗಳನ್ನು ಕೊಡುತ್ತದೆ. ಮನೆಗೆ ಬಂದು ಕುಳಿತು, ಆ ರಾತ್ರಿ ಕಣ್ಣು ಕಂಡ ಹಳದಿಯನ್ನು ನೆನಪಿನಿಂದ ತಿದ್ದಿ ತರಬಹುದು. ಫಿಲ್ಮ್ ಕಾಲದಲ್ಲಿ ಕತ್ತಲೆಕೋಣೆಯಲ್ಲಿ ನಡೆಯುತ್ತಿದ್ದ ಕೆಲಸವೇ ಇದು. ಹಾಗಾದರೆ ಆ ಕೋಣೆಯ ಕೀಲಿ ಯಾರ ಹತ್ತಿರ ಇರಬೇಕು? 2005ರ ಜಗಳವೆಲ್ಲ ಈ ಪ್ರಶ್ನೆಯ ಸುತ್ತಲೇ ನಡೆಯಿತು.

ಪ್ರಶ್ನೆ ಮಾತ್ರ 2005ರದ್ದಲ್ಲ, ಛಾಯಾಗ್ರಹಣ ಜನಸಾಮಾನ್ಯರ ಕೈಗೆ ಬಂದ ವರ್ಷದಷ್ಟೇ ಹಳೆಯದು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ತನ್ನ ಮೊದಲ ಕೊಡಾಕ್ ಕ್ಯಾಮೆರಾವನ್ನು 25 ಡಾಲರಿಗೆ ಮಾರಿದಾಗ ಅದರೊಳಗೆ 100 ಚಿತ್ರಗಳಿಗಾಗುವಷ್ಟು ಸುರುಳಿ ತುಂಬಿಸಿಯೇ ಕೊಡುತ್ತಿದ್ದ. ಸುರುಳಿ ಮುಗಿದ ಮೇಲೆ ಕ್ಯಾಮೆರಾವನ್ನೇ ರಾಚೆಸ್ಟರ್‌ನ ಕಾರ್ಖಾನೆಗೆ ಕಳುಹಿಸಬೇಕು. ಅಲ್ಲಿ ತೊಳೆದು, ಮುದ್ರಿಸಿ, ಹೊಸ ಸುರುಳಿ ಹಾಕಿ ವಾಪಸು ಕಳುಹಿಸಿದ್ದಕ್ಕೆ 10 ಡಾಲರ್. ಗುಂಡಿ ಒತ್ತುವುದಷ್ಟೇ ಗಿರಾಕಿಯ ಕೆಲಸ. ಲಕ್ಷಾಂತರ ಜನ ಕ್ಯಾಮೆರಾ ಹಿಡಿಯುವಂತಾದದ್ದು ಈ ಸೌಕರ್ಯದಿಂದ, ನಿಜ. ತೆಗೆದವನ ಕೈಯಿಂದ ಚಿತ್ರದ ಅರ್ಧ ಕೆಲಸ ಜಾರಿದ್ದೂ ಇದೇ ಸೌಕರ್ಯದಿಂದ.

1935ರಲ್ಲಿ ಕೊಡಾಕ್ರೋಮ್ ಬಂದಾಗ ಬೀಗ ಇನ್ನೂ ಬಿಗಿಯಾಯಿತು. ಲಿಯೋಪೋಲ್ಡ್ ಗೊಡೋವ್‌ಸ್ಕಿ ಮತ್ತು ಲಿಯೋಪೋಲ್ಡ್ ಮ್ಯಾನ್ಸ್ ಎಂಬ ಇಬ್ಬರು ಸಂಗೀತಗಾರರು ಕಂಡುಹಿಡಿದ ಆ ಬಣ್ಣದ ಫಿಲ್ಮನ್ನು ತೊಳೆಯುವ ಕ್ರಮ ಅತಿ ಜಟಿಲ. ಫಿಲ್ಮಿನಲ್ಲಿ ಬಣ್ಣವೇ ಇರುವುದಿಲ್ಲ, ತೊಳೆಯುವಾಗ ಒಂದೊಂದಾಗಿ ಸೇರಿಸಬೇಕು. ಮನೆಯ ಕತ್ತಲೆಕೋಣೆಯಲ್ಲಿ ಆಗುವ ಮಾತಲ್ಲ. ಕೊಡಾಕ್ ಫಿಲ್ಮಿನ ಬೆಲೆಯಲ್ಲೇ ತೊಳೆಯುವ ಬೆಲೆಯನ್ನೂ ಸೇರಿಸಿ ಮಾರಿತು. ಗಿರಾಕಿ ಬೇರೆ ಲ್ಯಾಬ್ ಹುಡುಕುವ ಪ್ರಶ್ನೆಯೇ ಇರಲಿಲ್ಲ, ಹಣ ಮೊದಲೇ ಸಂದಾಯವಾಗಿತ್ತು.

ಇದನ್ನು ಮುರಿದದ್ದು ಅಮೆರಿಕ ಸರ್ಕಾರ. ಏಕಸ್ವಾಮ್ಯ ವಿರೋಧಿ ಕಾನೂನಿನಡಿ ಹೂಡಿದ ಮೊಕದ್ದಮೆ 1954ರಲ್ಲಿ ರಾಜಿ ತೀರ್ಪಿನಲ್ಲಿ ಮುಗಿಯಿತು. ಅಮೆರಿಕದೊಳಗೆ ಕೊಡಾಕ್ ಇನ್ನು ಮುಂದೆ ಫಿಲ್ಮಿಗೆ ತೊಳೆಯುವ ಬೆಲೆ ಕಟ್ಟಿ ಮಾರುವಂತಿಲ್ಲ. ಬಣ್ಣದ ಫಿಲ್ಮ್ ತೊಳೆಯುವ ತಂತ್ರಜ್ಞಾನವನ್ನು ಇತರ ಲ್ಯಾಬ್‌ಗಳಿಗೂ ಕೊಡಬೇಕು. ಛಾಯಾಗ್ರಹಣದ ಚರಿತ್ರೆ ಬರೆಯುವವರು ಲೆನ್ಸು, ಫಿಲ್ಮು, ಮಹಾನ್ ಛಾಯಾಚಿತ್ರಕಾರರ ಬಗ್ಗೆ ಪುಟಗಟ್ಟಲೆ ಬರೆದು ಈ ತೀರ್ಪನ್ನು ಒಂದೆರಡು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದು ದೊಡ್ಡ ತಿರುವಾಗಿಯೇ ಕಾಣುತ್ತದೆ. ಫಿಲ್ಮ್ ಮಾಡುವವನೂ ತೊಳೆಯುವವನೂ ಬೇರೆಯಾಗಿರಬಹುದು ಎಂಬುದು ಅಲ್ಲಿಂದ ಮುಂದೆ ಸಹಜ ಸಂಗತಿಯಾಯಿತು. 1972ರಲ್ಲಿ ಬಂದ ಸಿ-41 ಎಂಬ ಬಣ್ಣದ ನೆಗೆಟಿವ್ ವಿಧಾನವನ್ನು ಕ್ರಮೇಣ ಫ್ಯೂಜಿ, ಅಗ್ಫಾ, ಕೊನಿಕಾ ಎಲ್ಲರೂ ಒಪ್ಪಿಕೊಂಡರು. ಯಾವ ಕಂಪನಿಯ ಸುರುಳಿಯಾದರೂ ಅದೇ ರಾಸಾಯನಿಕದಲ್ಲಿ ತೊಳೆಯಬಹುದಾಯಿತು.

ಎಂಬತ್ತು, ತೊಂಬತ್ತರ ದಶಕದ ನಮ್ಮ ಕರಾವಳಿಯ ಸ್ಟುಡಿಯೊಗಳು ಬದುಕಿದ್ದು ಈ ಹೊಂದಾಣಿಕೆಯ ಮೇಲೆಯೇ. ಮದುವೆಗೆ ಯಾವ ಕಂಪನಿಯ ಫಿಲ್ಮ್ ಹಾಕಿದರೂ ಮಂಗಳೂರಿನ ಯಾವುದಾದರೂ ಕಲರ್ ಲ್ಯಾಬಿಗೆ ಕೊಡಬಹುದಿತ್ತು. ಒಂದು ಲ್ಯಾಬಿನವರು ಮುಖಗಳನ್ನೆಲ್ಲ ಕೆಂಪಾಗಿಸಿದರೆ ಮುಂದಿನ ಸಲ ಇನ್ನೊಂದು ಲ್ಯಾಬ್. ನೆಗೆಟಿವ್ ಮಾತ್ರ ಸ್ಟುಡಿಯೊದಲ್ಲೋ ಮನೆಯವರ ಕಪಾಟಿನಲ್ಲೋ ಉಳಿಯುತ್ತಿತ್ತು. ನಮ್ಮ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಹಾಳಾದ ನೆಗೆಟಿವ್‌ಗಳಿಗೆ ಲೆಕ್ಕವಿಲ್ಲ. ಉಳಿದುಕೊಂಡದ್ದನ್ನು ಮಾತ್ರ ಇಂದಿಗೂ ಯಾರನ್ನೂ ಕೇಳದೆ ಬೆಳಕಿಗೆ ಹಿಡಿದು ನೋಡಬಹುದು, ಸ್ಕ್ಯಾನ್ ಮಾಡಬಹುದು. ಅತ್ತ, ಸಾಮಾನ್ಯ ವಿಧಾನಕ್ಕೆ ಒಗ್ಗದೆ ತನ್ನದೇ ದಾರಿ ಹಿಡಿದಿದ್ದ ಕೊಡಾಕ್ರೋಮ್ ಒಂಟಿಯಾಯಿತು. 2009ರಲ್ಲಿ ತಯಾರಿಕೆ ನಿಂತಿತು. ಅದನ್ನು ತೊಳೆಯುತ್ತಿದ್ದ ಜಗತ್ತಿನ ಕೊನೆಯ ಲ್ಯಾಬ್, ಅಮೆರಿಕದ ಕನ್ಸಾಸ್‌ನ ಪಾರ್ಸನ್ಸ್ ಊರಿನ ಡ್ವೇನ್ಸ್ ಫೋಟೊ, 2010ರ ಡಿಸೆಂಬರ್ 30ರವರೆಗೆ ಬಂದ ಸುರುಳಿಗಳನ್ನು ಮಾತ್ರ ತೆಗೆದುಕೊಂಡಿತು. ಅನಂತರ ಯಾರ ಪೆಟ್ಟಿಗೆಯಲ್ಲೋ ಉಳಿದ ಸುರುಳಿಯನ್ನು ಅದರ ನಿಜ ಬಣ್ಣದಲ್ಲಿ ತೊಳೆಯುವ ದಾರಿ ಮುಚ್ಚಿತು.

ಫಿಲ್ಮಿನಲ್ಲಿ ತೆರೆದುಕೊಂಡ ಬಾಗಿಲು ಡಿಜಿಟಲ್‌ನಲ್ಲಿ ಮತ್ತೆ ಮುಚ್ಚತೊಡಗಿದ್ದು ಯಾರೂ ಯೋಜಿಸಿ ಮಾಡಿದ ಕೆಲಸವಲ್ಲ. 1975ರಲ್ಲಿ ಕೊಡಾಕ್‌ನ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದರು. ಅದೇ ಕಂಪನಿಯ ಬ್ರೈಸ್ ಬೇಯರ್ ಸೆನ್ಸರಿನ ಮೇಲೆ ಹಸಿರು, ಕೆಂಪು, ನೀಲಿ ಚೌಕಗಳನ್ನು ಜೋಡಿಸುವ ಉಪಾಯಕ್ಕೆ 1976ರಲ್ಲಿ ಪೇಟೆಂಟ್ ಪಡೆದರು. ಅರ್ಧದಷ್ಟು ಚೌಕಗಳು ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಒಂದೊಂದು ಬಿಂದುವೂ ಒಂದೇ ಬಣ್ಣವನ್ನು ಅಳೆಯುತ್ತದೆ, ಉಳಿದೆರಡನ್ನು ಅಕ್ಕಪಕ್ಕದವುಗಳಿಂದ ಊಹಿಸಬೇಕು. ಆ ಊಹೆಗೆ ಮುಂಚಿನ ಅಳತೆಗಳ ಪಟ್ಟಿಯೇ ರಾ ಫೈಲು. ನಿಕಾನ್ ಎಫ್3ರ ಮೈಗೆ ಸೆನ್ಸರ್ ಜೋಡಿಸಿ ಕೊಡಾಕ್ ಮಾರಿದ 1991ರ ಡಿಸಿಎಸ್‌ನಿಂದ ಹಿಡಿದು 1999ರ ನಿಕಾನ್ ಡಿ1ರವರೆಗೆ ಪ್ರತಿ ತಯಾರಕರೂ ಈ ಪಟ್ಟಿಯನ್ನು ತಮಗೆ ತೋಚಿದ ಕ್ರಮದಲ್ಲಿ ಬರೆದರು. ಕೆನಾನ್‌ನದು ಒಂದು ವಿಸ್ತರಣೆ, ನಿಕಾನ್‌ನದು ಎನ್‌ಇಎಫ್, ಮಿನೋಲ್ಟಾದ್ದು ಎಂಆರ್‌ಡಬ್ಲ್ಯು. ಹೊಸ ಮಾದರಿ ಬಂದಾಗೆಲ್ಲ ಒಳಗಿನ ಜೋಡಣೆ ಬದಲಾಗುತ್ತಿತ್ತು. ಅದರ ವಿವರವನ್ನು ಹೊರಗಿನವರಿಗೆ ಬರೆದು ಕೊಡುವ ರೂಢಿಯೇ ಬೆಳೆಯಲಿಲ್ಲ.

ಇದನ್ನು ಮೊದಲು ಬಿಡಿಸಹೊರಟವರು ಡೇವ್ ಕಾಫಿನ್ ಎಂಬ ಪ್ರೋಗ್ರಾಮರ್. ತಾವು ಕೊಂಡ ಕೆನಾನ್ ಪವರ್‌ಶಾಟ್ 600 ಕ್ಯಾಮೆರಾದ ಫೈಲನ್ನು ಲಿನಕ್ಸ್‌ನಲ್ಲಿ ತೆರೆಯಲು 1997ರಲ್ಲಿ ಸಿ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದರು. ಹೆಸರು ಡಿಸಿರಾ. ಜಗತ್ತಿನ ಮೂಲೆಮೂಲೆಯಿಂದ ಜನ ತಮ್ಮ ಕ್ಯಾಮೆರಾದ ಮಾದರಿ ಫೈಲುಗಳನ್ನು ಕಳುಹಿಸಿದರು. ಕಾಫಿನ್ ಅಂಕಿಗಳನ್ನು ಮುಂದಿಟ್ಟುಕೊಂಡು ಕುಳಿತು, ಯಾವ ಬೈಟ್ ಏನು ಹೇಳುತ್ತದೆ ಎಂದು ಊಹಿಸಿ, ಪರೀಕ್ಷಿಸಿ, ಒಂದೊಂದೇ ಕ್ಯಾಮೆರಾವನ್ನು ಸೇರಿಸುತ್ತ ಹೋದರು. 2018ರ ಕೊನೆಯ ಆವೃತ್ತಿಯವರೆಗೆ ಇಪ್ಪತ್ತೊಂದು ವರ್ಷ, ನೂರಾರು ಕ್ಯಾಮೆರಾಗಳು, ಎಲ್ಲವೂ ಒಂದೇ ಸೋರ್ಸ್ ಫೈಲಿನಲ್ಲಿ. ಅದನ್ನು ಯಾರು ಬೇಕಾದರೂ ತೆಗೆದುಕೊಂಡು ಬಳಸಬಹುದಿತ್ತು. ಉಚಿತ ತಂತ್ರಾಂಶಗಳೂ ಬಳಸಿದವು, ಹಣಕ್ಕೆ ಮಾರುವವೂ ಬಳಸಿದವು. ಒಬ್ಬ ಮನುಷ್ಯನ ಇಂಥ ತಾಳ್ಮೆಯ ದುಡಿಮೆಯ ಮೇಲೆ ಇಡೀ ಜಗತ್ತಿನ ಛಾಯಾಗ್ರಾಹಕರ ಸ್ವಾತಂತ್ರ್ಯ ನಿಂತಿತ್ತು ಎಂಬುದು ಕೃತಜ್ಞತೆಯ ವಿಷಯ. ವ್ಯವಸ್ಥೆ ಹಾಗಿರಬಾರದಿತ್ತು ಎಂಬುದೂ ಅಷ್ಟೇ ನಿಜ.

ಫೋಟೊಶಾಪ್ ಮಾರುವ ಅಡೋಬಿ ಕಂಪನಿ ಬೇರೆ ದಾರಿ ಹಿಡಿಯಿತು. 2003ರಲ್ಲಿ ನೋಲ್ ಬರೆದ ಕ್ಯಾಮೆರಾ ರಾ ಎಂಬ ಜೋಡಣೆ ಫೋಟೊಶಾಪಿಗೆ ಬಂತು. ಪ್ರತಿ ಹೊಸ ಕ್ಯಾಮೆರಾಕ್ಕೂ ಮತ್ತೆ ಮತ್ತೆ ಬೀಗ ಬಿಡಿಸುವ ಕೆಲಸ ಆ ಕಂಪನಿಗೂ ಸಾಕಾಗಿರಬೇಕು. 2004ರ ಸೆಪ್ಟೆಂಬರ್ 27ರಂದು ಡಿಎನ್‌ಜಿ, ಅಂದರೆ ಡಿಜಿಟಲ್ ನೆಗೆಟಿವ್, ಎಂಬ ಸಾಮಾನ್ಯ ರಾ ವಿನ್ಯಾಸವನ್ನು ಅದು ಪ್ರಕಟಿಸಿತು. ಒಳಗಿನ ಜೋಡಣೆಯ ವಿವರವೆಲ್ಲ ಬಹಿರಂಗ, ಬಳಸಲು ರಾಯಲ್ಟಿ ಇಲ್ಲ, ಬೇರೆ ರಾಗಳನ್ನು ಇದಕ್ಕೆ ಬದಲಿಸುವ ಪರಿವರ್ತಕವೂ ಉಚಿತ. ಕ್ಯಾಮೆರಾ ಕಂಪನಿಗಳೆಲ್ಲ ಇದಕ್ಕೆ ಬರಲಿ ಎಂಬ ಆಹ್ವಾನ. ನಿಕಾನ್, ಕೆನಾನ್ ಬರಲಿಲ್ಲ. ಏಳು ತಿಂಗಳಾಗುವ ಮೊದಲೇ ಡಿ2ಎಕ್ಸ್‌ನ ಗೂಢಲಿಪಿಯ ಸುದ್ದಿ ಸ್ಫೋಟಿಸಿತು.

ಆ ಬೀಗ ಹೇಗಿತ್ತು ಎಂಬುದನ್ನು ನೋಡಿದರೆ ಕಂಪನಿಯ ಉದ್ದೇಶದ ಬಗ್ಗೆ ಇಂದಿಗೂ ಏಕಾಭಿಪ್ರಾಯ ಏಕಿಲ್ಲ ಎಂದು ತಿಳಿಯುತ್ತದೆ. ಗೂಢಲಿಪಿಯ ಕೀಲಿಯನ್ನು ಕ್ಯಾಮೆರಾದ ಸೀರಿಯಲ್ ನಂಬರ್ ಮತ್ತು ಶಟರ್ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕದಿಂದ ಹೆಣೆದಿದ್ದರು. ಈ ಎರಡು ಸಂಖ್ಯೆಗಳೂ ಅದೇ ಫೈಲಿನೊಳಗೆ ಬರೆದೇ ಇದ್ದವು. ಕಾಫಿನ್ ಬಹಳ ಬೇಗ ಅದನ್ನು ಬಿಡಿಸಿದರು. ಬಿಬಲ್ ಎಂಬ ರಾ ತಂತ್ರಾಂಶದವರೂ ಬಿಡಿಸಿದರು. ಅಡೋಬಿಗೂ ತಾಂತ್ರಿಕವಾಗಿ ಅದು ಕಷ್ಟದ ಕೆಲಸವಾಗಿರಲಿಲ್ಲ. ಅಡ್ಡಿಯಾಗಿದ್ದು 1998ರ ಡಿಜಿಟಲ್ ಮಿಲೆನಿಯಂ ಕಾಪಿರೈಟ್ ಕಾಯ್ದೆ. ಹಾಡು, ಸಿನಿಮಾಗಳ ಕಳ್ಳನಕಲು ತಡೆಯಲು ಬಂದ ಆ ಕಾನೂನು ತಾಂತ್ರಿಕ ಬೀಗಗಳನ್ನು ಮುರಿಯುವುದನ್ನೇ ಅಪರಾಧವಾಗಿಸಿತ್ತು. ದೊಡ್ಡ ಕಂಪನಿಗೆ ದೊಡ್ಡ ಮೊಕದ್ದಮೆಯ ಭಯ. ಒಂಟಿಯಾಗಿ ದುಡಿಯುವ ಪ್ರೋಗ್ರಾಮರ್ ತೆಗೆದುಕೊಂಡ ಅಪಾಯವನ್ನು ಅಡೋಬಿ ತೆಗೆದುಕೊಳ್ಳಲಿಲ್ಲ.

ನಿಕಾನ್ 2005ರ ಏಪ್ರಿಲ್ 22ರಂದು ಹೇಳಿಕೆ ಕೊಟ್ಟಿತು. ತನ್ನ ಫೈಲಿನ ವಿಶಿಷ್ಟತೆಯನ್ನೂ ಚಿತ್ರದ ಗುಣಮಟ್ಟವನ್ನೂ ಕಾಪಾಡಲು ಹೀಗೆ ಮಾಡಿದ್ದೇವೆ, ಅರ್ಹ ಡೆವಲಪರ್‌ಗಳು ಅರ್ಜಿ ಹಾಕಿದರೆ ಬೇಕಾದ ಉಪಕರಣ ಕೊಡುತ್ತೇವೆ ಎಂಬುದು ಅದರ ತಾತ್ಪರ್ಯ. ಟೀಕಾಕಾರರ ವಾದವೇ ಬೇರೆ. ನಿಕಾನ್ ತನ್ನ ಕ್ಯಾಪ್ಚರ್ ತಂತ್ರಾಂಶವನ್ನು ಕ್ಯಾಮೆರಾದ ಜೊತೆ ಕೊಡದೆ ಪ್ರತ್ಯೇಕ ಬೆಲೆಗೆ ಮಾರುತ್ತಿತ್ತು, ಆ ಮಾರಾಟಕ್ಕಾಗಿಯೇ ಈ ಗೋಡೆ ಎಂದರು ಅವರು. ಇಷ್ಟು ದುರ್ಬಲ ಬೀಗ ಹಾಕಿದವರಿಗೆ ಯಾರನ್ನೂ ಹೊರಗಿಡುವ ಗಂಭೀರ ಉದ್ದೇಶವಿರಲಿಲ್ಲ, ಇದು ಎಂಜಿನಿಯರುಗಳ ಅವಿವೇಕ ಅಷ್ಟೇ ಎನ್ನುವವರೂ ಇದ್ದಾರೆ. ಉದ್ದೇಶ ಯಾವುದೇ ಇರಲಿ, ಹೇಳಿಕೆಯ ಒಂದು ಮಾತು ನನಗೆ ಇಂದಿಗೂ ಒಪ್ಪಿಗೆಯಾಗುವುದಿಲ್ಲ. ಯಾರು ಅರ್ಹ ಎಂದು ತೀರ್ಮಾನಿಸುವ ಹಕ್ಕನ್ನು ಕಂಪನಿ ತನ್ನ ಬಳಿಯೇ ಇಟ್ಟುಕೊಂಡಿತ್ತು. ಚಿತ್ರ ತೆಗೆದವನನ್ನು ಯಾರೂ ಕೇಳಲಿಲ್ಲ. ಚಿತ್ರದ ಹಕ್ಕುಸ್ವಾಮ್ಯ ಅವನದು, ಬೆಳಕಿಗಾಗಿ ರಾತ್ರಿಯಿಡೀ ಕಾದವನೂ ಅವನೇ.

ಅದೇ ಏಪ್ರಿಲ್‌ನಲ್ಲಿ ಓಪನ್‌ರಾ ಎಂಬ ಚಳವಳಿ ಹುಟ್ಟಿತು. ಮುಂದಾಳು ಟೋಕಿಯೊದಲ್ಲಿ ನೆಲೆಸಿದ್ದ ಜರ್ಮನ್ ಛಾಯಾಗ್ರಾಹಕ ಯೂರ್ಗನ್ ಸ್ಪೆಕ್ಟ್. ಕೇಳಿಕೆ ಸರಳವಾಗಿತ್ತು: ನಿಮ್ಮ ವಿನ್ಯಾಸ ನಿಮ್ಮದೇ ಇರಲಿ, ಅದರ ವಿವರವನ್ನು ಪೂರ್ತಿಯಾಗಿ ಪ್ರಕಟಿಸಿ, ಹಳೆಯ ಕ್ಯಾಮೆರಾಗಳದ್ದನ್ನೂ ಪ್ರಕಟಿಸಿ. ಮರುವರ್ಷ ಇವರು ನಡೆಸಿದ ಸಮೀಕ್ಷೆಗೆ 19 ಸಾವಿರಕ್ಕೂ ಹೆಚ್ಚು ಜನ ಉತ್ತರಿಸಿದರು.

ಇಲ್ಲಿಯೇ ಸ್ವಾತಂತ್ರ್ಯ ಬಯಸಿದವರ ನಡುವೆ ಒಂದು ಒಡಕೂ ಕಾಣಿಸಿಕೊಂಡಿತು. ಎಲ್ಲರೂ ಡಿಎನ್‌ಜಿಗೆ ಬಂದರೆ ಸಮಸ್ಯೆ ಮುಗಿಯಿತು ಎಂದರು ಒಂದು ಗುಂಪಿನವರು. ಡಿಎನ್‌ಜಿಯ ಮಾಲೀಕತ್ವವೂ ಒಂದು ಕಂಪನಿಯದೇ. ಜೊತೆಗೆ ಕ್ಯಾಮೆರಾದ ಖಾಸಗಿ ಟಿಪ್ಪಣಿಗಳು ಅದರೊಳಗೂ ಅರ್ಥವಾಗದ ಗಂಟಾಗಿಯೇ ಉಳಿಯಬಹುದು. ಆದ್ದರಿಂದ ಬೇಕಾದದ್ದು ಒಂದೇ ವಿನ್ಯಾಸವಲ್ಲ, ಎಲ್ಲ ವಿನ್ಯಾಸಗಳ ವಿವರ ಎಂದರು ಇನ್ನೊಂದು ಗುಂಪಿನವರು. ನಂತರದ ವರ್ಷಗಳು ಇಬ್ಬರನ್ನೂ ಅಷ್ಟಿಷ್ಟು ಸಮರ್ಥಿಸಿವೆ. ರಿಕೋ, ಲೈಕಾ, ಪೆಂಟಾಕ್ಸ್ ಕ್ಯಾಮೆರಾಗಳು ನೇರವಾಗಿ ಡಿಎನ್‌ಜಿ ಬರೆಯತೊಡಗಿದವು. ಅಡೋಬಿ 2008ರಲ್ಲಿ ಅದನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಮುಂದಿಟ್ಟಿತು. ಆದರೆ ಅದೇ ಅಡೋಬಿ 2017ರಲ್ಲಿ ರಾ ಚಿತ್ರ ತಿದ್ದುವ ತನ್ನ ತಂತ್ರಾಂಶ ಲೈಟ್‌ರೂಮನ್ನು ಒಮ್ಮೆ ಕೊಂಡು ಇಟ್ಟುಕೊಳ್ಳುವ ದಾರಿಯನ್ನು ಮುಚ್ಚಿ, ಚಂದಾ ಕಟ್ಟುವವರಿಗೆ ಮಾತ್ರ ಎಂದಿತು. ಫೈಲು ಮುಕ್ತವಾಗಿತ್ತು. ಆ ಫೈಲಿನ ಮೇಲೆ ವರ್ಷಗಟ್ಟಲೆ ಮಾಡಿದ ತಿದ್ದುಪಡಿಗಳು ಮಾತ್ರ ಬೇರೆ ತಂತ್ರಾಂಶಕ್ಕೆ ಯಥಾವತ್ತಾಗಿ ಹೋಗುತ್ತಿರಲಿಲ್ಲ. ಆ ಬೀಗ ಇನ್ನೂ ತೆರೆದಿಲ್ಲ.

ನಿಕಾನ್ ಮತ್ತು ಅಡೋಬಿ ಕೆಲವೇ ತಿಂಗಳಲ್ಲಿ ರಾಜಿಯಾದವು. ವೈಟ್ ಬ್ಯಾಲೆನ್ಸ್ ಓದಲು ನಿಕಾನ್ ಒಂದು ಕಿರು ಉಪಕರಣ ಕೊಟ್ಟಿತು, ಕ್ಯಾಮೆರಾ ರಾ ಅದನ್ನು ಬಳಸಿತು. ಸುದ್ದಿ ಆರಿತು. ವಿನ್ಯಾಸದ ವಿವರ ಪ್ರಕಟವಾಗಲಿಲ್ಲ.

ಈ ಕಥೆಯನ್ನು ಓದುವಾಗ ಕನ್ನಡಿಗರಿಗೆ ಏನೋ ಪರಿಚಿತ ಎನಿಸಿದರೆ ಅದಕ್ಕೆ ಕಾರಣವಿದೆ. ಅದೇ ವರ್ಷಗಳಲ್ಲಿ ನಮ್ಮಲ್ಲಿ ಅಕ್ಷರಗಳಿಗೇ ಈ ಗತಿಯಾಗಿತ್ತು. ಒಂದು ತಂತ್ರಾಂಶದಲ್ಲಿ ಟೈಪು ಮಾಡಿದ ಕನ್ನಡ ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ಸಾಲು. ಪ್ರತಿ ಕಂಪನಿಯೂ ತನ್ನ ಫಾಂಟಿಗೆ ತನ್ನದೇ ಸಂಕೇತ ಕೊಟ್ಟಿತ್ತು. ಪತ್ರಿಕೆಗಳ, ಪ್ರಕಾಶಕರ ವರ್ಷಾನುವರ್ಷದ ಪುಟಗಳು ಆ ಸಂಕೇತಗಳಲ್ಲಿ ಸಿಕ್ಕಿಕೊಂಡವು. 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು, ಆದರೆ ಸಾಮಾನ್ಯರ ಕಂಪ್ಯೂಟರಿಗೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ಜೊತೆ. ಬಳಕೆಯಲ್ಲಿ ನೆಲೆಯೂರಲು ಇನ್ನೂ ಹತ್ತಾರು ವರ್ಷ ಹಿಡಿಯಿತು. ಇವತ್ತಿಗೂ ಹಳೆಯ ಸ್ಮರಣಸಂಚಿಕೆಯ ಪುಟ ಬೇಕೆಂದರೆ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಪರಿವರ್ತಕ ಹಾಕಿ, ಒತ್ತಕ್ಷರಗಳನ್ನು ಕೈಯಲ್ಲಿ ತಿದ್ದುತ್ತ ಕೂರಬೇಕು.

ಚಾರ್ಮಾಡಿ ಘಾಟಿ ಹತ್ತಿ ಹೋದರೆ ಸಿಗುವ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿ ಈ ಎರಡೂ ಲೋಕಗಳಲ್ಲಿ ಕಾಲಿಟ್ಟವರು. ತೋಟದ ಸುತ್ತಲಿನ ಹಕ್ಕಿಗಳ ಚಿತ್ರ ತೆಗೆಯಲು ತಾಸುಗಟ್ಟಲೆ ಕಾಯುತ್ತಿದ್ದ ಛಾಯಾಗ್ರಾಹಕ ಅವರು. ಬದುಕಿನ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಬೆನ್ನು ಹತ್ತಿದವರೂ ಅವರೇ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ಕುವೆಂಪು ಕನ್ನಡ ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. 2007ರ ಏಪ್ರಿಲ್ 5ರಂದು ಅವರು ತೀರಿಕೊಂಡರು. ಕನ್ನಡದ ಬಿಕ್ಕಟ್ಟು ಕೊನೆಗೆ ಬಗೆಹರಿದದ್ದು ಎಲ್ಲರೂ ಒಂದೇ ಬಹಿರಂಗ ಸಂಕೇತಕ್ಕೆ ಬಂದಾಗ. ರಾ ಫೈಲಿನ ಲೋಕಕ್ಕೆ ಆ ದಿನ ಬಂದಿಲ್ಲ, ಅಲ್ಲಿ ಈಗಲೂ ಬಿಡಿಸುವವರ ಶ್ರಮವೇ ಆಧಾರ.

ವೇಣೂರಿನ ಉದಾಹರಣೆ ತೆಗೆದುಕೊಂಡರೆ ಇದರ ಅರ್ಥ ನಮ್ಮವರಿಗೆ ಹೆಚ್ಚು ಹತ್ತಿರವಾಗುತ್ತದೆ. ಅಳದಂಗಡಿಯಲ್ಲಿ ಇಂದಿಗೂ ಅರಮನೆ ಇರುವ ಅಜಿಲ ಮನೆತನದ ತಿಮ್ಮಣ್ಣ ಅಜಿಲರು 1604ರಲ್ಲಿ ವೇಣೂರಿನ ಫಲ್ಗುಣಿ ದಂಡೆಯಲ್ಲಿ 35 ಅಡಿಯ ಬಾಹುಬಲಿಯನ್ನು ನಿಲ್ಲಿಸಿದರು. ಅಲ್ಲಿನ ಇತ್ತೀಚಿನ ಮಹಾಮಸ್ತಕಾಭಿಷೇಕಗಳು 2000, 2012 ಮತ್ತು 2024ರಲ್ಲಿ ನಡೆದವು. 2000ದ ಚಿತ್ರಗಳು ಹೆಚ್ಚಾಗಿ ಫಿಲ್ಮ್‌ನವು. 2012ರ ಹೊತ್ತಿಗೆ ನಮ್ಮ ಸ್ಟುಡಿಯೊಗಳ ಕೈಯಲ್ಲಿ ಡಿಎಸ್‌ಎಲ್‌ಆರ್ ಇತ್ತು. 2024ರಲ್ಲಿ ಜನರ ಜೇಬಿನ ಫೋನುಗಳೂ ರಾ ತೆಗೆಯಬಲ್ಲವಾಗಿದ್ದವು. ಹಾಲು ಕರಿಗಲ್ಲಿನ ಮೇಲೆ ಹರಿಯುವ ಕ್ಷಣವನ್ನು ನೆನೆಸಿಕೊಳ್ಳಿ. ಬಿಸಿಲಿಗೆ ಹಾಲಿನ ಬಿಳುಪು ಕಣ್ಣು ಕುಕ್ಕುತ್ತದೆ, ಅದರ ಕೆಳಗೆ ಒದ್ದೆ ಕಲ್ಲಿನ ಕಪ್ಪು. ಜೆಪೆಗ್‌ನಲ್ಲಿ ಹಾಲು ಬರಿಯ ಬಿಳಿ ತೇಪೆಯಾಗಿಬಿಡಬಹುದು. ರಾದಲ್ಲಿ ಅದರ ಎಳೆ ಎಳೆ ಉಳಿದಿರುತ್ತದೆ, ಅರಿಶಿನ, ಚಂದನಗಳು ಬೇರೆ ಬೇರೆಯಾಗಿ ಕಾಣುತ್ತವೆ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಆ ದೃಶ್ಯದ ಮೂಲ ದಾಖಲೆ ಮುಂದಿನ ಅಭಿಷೇಕದ ಹೊತ್ತಿಗೆ ತೆರೆಯಬೇಕು, ಅದರ ಮುಂದಿನದಕ್ಕೂ ತೆರೆಯಬೇಕು. ಹನ್ನೆರಡು ವರ್ಷದಲ್ಲಿ ಕಂಪನಿಗಳೇ ಉಳಿಯುವುದಿಲ್ಲ. ಕೊನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮೆರಾ ವ್ಯವಹಾರ ಬಿಟ್ಟಿತು. ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಆಪಲ್ 2005ರಲ್ಲಿ ತಂದ ಅಪರ್ಚರ್ ತಂತ್ರಾಂಶವನ್ನು 2014ರಲ್ಲಿ ಕೈಬಿಟ್ಟಿತು. ಮಿನೋಲ್ಟಾದ ಅನಾಥ ಫೈಲುಗಳು ಇಂದಿಗೂ ತೆರೆಯುತ್ತವೆಯಾದರೆ ಅದಕ್ಕೆ ಕಾಫಿನ್‌ರಂಥವರ ಕೆಲಸ ಕಾರಣ.

ವೇಣೂರಿನಿಂದ ಸ್ವಲ್ಪವೇ ದೂರದ ಮೂಡುಬಿದಿರೆಯಲ್ಲಿ ಇದಕ್ಕಿಂತ ಎಷ್ಟೋ ಪಾಲು ದೀರ್ಘವಾದ ಪಾಠವಿದೆ. ಧವಲಾ, ಜಯಧವಲಾ ಎಂಬ ಜೈನ ಗ್ರಂಥಗಳ ಹನ್ನೆರಡನೆಯ ಶತಮಾನದ ತಾಳೆಗರಿಗಳು ಅಲ್ಲಿನ ಗುರು ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕಷ್ಟೇ ಇದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಯಿತು. ಪ್ರತಿಗಳು ಹೊರಗೆ ಹೋದ ಮೇಲೆ, 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾ ಅಚ್ಚಾಯಿತು. ಗರಿಗಳನ್ನು ಕಾಣಲು ಅನುಮತಿ ಬೇಕಿತ್ತು. ಒಮ್ಮೆ ಕಂಡ ಮೇಲೆ ಓದಲು ಯಾರ ಅನುಮತಿಯೂ ಬೇಕಿರಲಿಲ್ಲ, ಹಳಗನ್ನಡ ಲಿಪಿ ಬಲ್ಲವರಿದ್ದರೆ ಸಾಕಿತ್ತು. ಇಂದು ಮೂಡುಬಿದಿರೆಯ ರಮಾರಾಣಿ ಸಂಸ್ಥೆಯಲ್ಲಿ, ಧರ್ಮಸ್ಥಳದ ಸಂಗ್ರಹದಲ್ಲಿ ಇರುವಂಥ ಗರಿಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯುವ ಯಾರೇ ಆಗಲಿ, ಮೂಲಪ್ರತಿಯನ್ನು ಟಿಫ್ ಅಥವಾ ಡಿಎನ್‌ಜಿಯಂಥ ಬಹಿರಂಗ ವಿನ್ಯಾಸದಲ್ಲಿಯೂ ಇಡಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಎಂಟುನೂರು ವರ್ಷ ಕಳೆದರೂ ಓದಲು ಬರುವ ಬರಹದ ಚಿತ್ರವೇ ಇಪ್ಪತ್ತು ವರ್ಷಕ್ಕೆ ಓದಲಾಗದಂತಾದರೆ ಆ ನಷ್ಟ ತುಂಬಲಾಗದ್ದು.

2005ರ ನಂತರದ ಇಪ್ಪತ್ತು ವರ್ಷಗಳಲ್ಲಿ ಗೆಲುವುಗಳು ಸಣ್ಣವಲ್ಲ. 2008ರಲ್ಲಿ ಡಿಸಿರಾದ ಬೇರಿನಿಂದಲೇ ಲಿಬ್‌ರಾ ಎಂಬ ತಂತ್ರಾಂಶ ಗ್ರಂಥಾಲಯ ಹುಟ್ಟಿತು. 2009ರಲ್ಲಿ ಡಾರ್ಕ್‌ಟೇಬಲ್ ಎಂಬ ಮುಕ್ತ ರಾ ತಂತ್ರಾಂಶ ಶುರುವಾಯಿತು. 2010ರಲ್ಲಿ ಗಾಬೋರ್ ಹೋರ್ವಾತ್ ತಮ್ಮ ರಾ ತಂತ್ರಾಂಶವಾದ ರಾಥೆರಪಿಯನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಇವತ್ತು ನಮ್ಮೂರಿನ ವಿದ್ಯಾರ್ಥಿ ಒಂದು ರೂಪಾಯಿ ಕೊಡದೆ, ಕಳ್ಳಪ್ರತಿಯನ್ನೂ ಬಳಸದೆ, ತಾನು ತೆಗೆದ ಯಕ್ಷಗಾನದ ರಾ ಫೈಲನ್ನು ವೃತ್ತಿಪರ ಗುಣಮಟ್ಟದಲ್ಲಿ ಸಂಸ್ಕರಿಸಬಹುದು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಬಂದದ್ದು ಯಾರೂ ನಿರೀಕ್ಷಿಸದ ದಿಕ್ಕಿನಿಂದ. 2014ರ ಆಂಡ್ರಾಯ್ಡ್ 5, 2016ರ ಐಒಎಸ್ 10, 2020ರಲ್ಲಿ ಐಫೋನ್ 12 ಪ್ರೊಗೆ ಬಂದ ಪ್ರೊರಾ, ಇವೆಲ್ಲ ಡಿಎನ್‌ಜಿಯನ್ನೇ ಆಯ್ದುಕೊಂಡವು. ದೊಡ್ಡ ಕ್ಯಾಮೆರಾ ಕಂಪನಿಗಳು ಹತ್ತು ವರ್ಷ ಒಪ್ಪದ ಬಹಿರಂಗ ವಿನ್ಯಾಸ ಫೋನುಗಳ ಮೂಲಕ ಕೋಟ್ಯಂತರ ಜನರ ಕೈಗೆ ಬಂತು.

ಆದರೂ ಹಳೆಯ ಕ್ರಮ ನಿಂತಿಲ್ಲ. 2018ರಲ್ಲಿ ಕೆನಾನ್ ಇಒಎಸ್ ಎಂ50 ಕ್ಯಾಮೆರಾದೊಡನೆ ಸಿಆರ್3 ಎಂಬ ಹೊಸ ವಿನ್ಯಾಸ ತಂದಿತು. ಸ್ವಯಂಸೇವಕರು ಅದನ್ನು ಬಿಡಿಸಿ, 2020ರ ಲಿಬ್‌ರಾ ಆವೃತ್ತಿಗೆ ಸೇರಿಸುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಆ ಎರಡು ವರ್ಷ ಆ ಕ್ಯಾಮೆರಾ ಕೊಂಡು ಮುಕ್ತ ತಂತ್ರಾಂಶ ಬಳಸುವವರಿಗೆ ನೇರ ದಾರಿ ಇರಲಿಲ್ಲ, ಡಿಎನ್‌ಜಿಗೆ ಬದಲಿಸಿಕೊಂಡೇ ಕೆಲಸ ಮಾಡಬೇಕಿತ್ತು. ಮುಂದಿನ ಬೀಗವನ್ನು ಬಿಡಿಸಲು ನೆರವಾಗಬೇಕೆನ್ನುವ ಛಾಯಾಗ್ರಾಹಕರು ತಮ್ಮ ಹೊಸ ಕ್ಯಾಮೆರಾದ ಮಾದರಿ ಫೈಲುಗಳನ್ನು ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಟ್ಟು ಸಾರ್ವಜನಿಕ ಸಂಗ್ರಹಕ್ಕೆ ಕಳುಹಿಸುತ್ತಾರೆ. ಪ್ರೋಗ್ರಾಂ ಬರೆಯಲು ಬಾರದವರೂ ಮಾಡಬಹುದಾದ ಕೆಲಸ ಇದು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಅಮೆರಿಕದ್ದಕ್ಕಿಂತ ಹದವಾಗಿದೆ ಎಂದು ನಾನು ಓದಿಕೊಂಡಿದ್ದೇನೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ತಾಂತ್ರಿಕ ಬೀಗ ಮುರಿಯುವುದನ್ನು ಶಿಕ್ಷಾರ್ಹವಾಗಿಸಿದ್ದು ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶವಿದ್ದರೆ ಮಾತ್ರ. ತಾನೇ ತೆಗೆದ ಚಿತ್ರವನ್ನು ತೆರೆಯುವವನಿಗೆ ಉಲ್ಲಂಘಿಸಲು ಇನ್ನೊಬ್ಬರ ಹಕ್ಕಾದರೂ ಎಲ್ಲಿದೆ? ಒಂದು ಪ್ರೋಗ್ರಾಂ ಇನ್ನೊಂದರೊಡನೆ ಹೊಂದಿಕೊಂಡು ನಡೆಯಲು ಬೇಕಾದ, ಬೇರೆ ದಾರಿಯಲ್ಲಿ ಸಿಗದ ಮಾಹಿತಿಯನ್ನು ಪಡೆದುಕೊಳ್ಳಲು ಅದೇ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ಇಂಥ ಬೀಗಗಳನ್ನು ಬಿಡಿಸುವ ಕೆಲಸಕ್ಕೆ ಧೈರ್ಯವಾಗಿ ಇಳಿಯಬಹುದು ಎಂದು ನನ್ನ ನಂಬಿಕೆ.

ಕೆಲಸವಂತೂ ಬಾಕಿ ಇದೆ. 2021ರ ನಿಕಾನ್ ಝಡ್9ರೊಂದಿಗೆ ಹೈ ಎಫಿಶಿಯೆನ್ಸಿ ಎಂಬ ಹೊಸ ರಾ ಬಂತು. ಬೆಲ್ಜಿಯಂನ ಇಂಟೊಪಿಕ್ಸ್ ಕಂಪನಿಯ ತಂತ್ರಜ್ಞಾನದಿಂದ ಕುಗ್ಗಿಸಿದ ಈ ಫೈಲು ಮೆಮೊರಿ ಕಾರ್ಡಿನಲ್ಲಿ ಕಡಿಮೆ ಜಾಗ ಹಿಡಿಯುತ್ತದೆ. ದಿನಕ್ಕೆ ಸಾವಿರಾರು ಚಿತ್ರ ತೆಗೆಯುವ ಮದುವೆ, ಕಂಬಳದ ಛಾಯಾಗ್ರಾಹಕರಿಗೆ ಅದು ದೊಡ್ಡ ಆಕರ್ಷಣೆ. ಅಡೋಬಿಯಂಥ ಕಂಪನಿಗಳ ತಂತ್ರಾಂಶ ಅದನ್ನು ತೆರೆಯುತ್ತದೆ. ಡಾರ್ಕ್‌ಟೇಬಲ್‌ನಂಥ ಮುಕ್ತ ತಂತ್ರಾಂಶಗಳಿಗೆ ಮಾತ್ರ ಕ್ಯಾಮೆರಾ ಬಂದು ವರ್ಷಗಳು ಕಳೆದರೂ ಅದು ದಕ್ಕಲಿಲ್ಲ. ಅದೇ ಕ್ಯಾಮೆರಾದ ಅದೇ ಮೆನುವಿನಲ್ಲಿ, ಮೇಲಿನ ಸಾಲಿನಲ್ಲಿ, ಲಾಸ್‌ಲೆಸ್ ಕಂಪ್ರೆಸ್ಡ್ ಎಂಬ ಹಳೆಯ ಆಯ್ಕೆಯೂ ಇದೆ. ಕಾರ್ಡಿನಲ್ಲಿ ಹೆಚ್ಚು ಜಾಗ ಬೇಕು, ಆದರೆ ಆ ಫೈಲನ್ನು ಡಾರ್ಕ್‌ಟೇಬಲ್, ರಾಥೆರಪಿಗಳೂ ತೆರೆಯುತ್ತವೆ. ಕ್ಯಾಮೆರಾ ಕೊಳ್ಳಲು ಹೊರಟ ನಮ್ಮ ಕಡೆಯ ಗೆಳೆಯರಿಗೆ ನಾನು ಹೇಳುವುದು, ಇನ್ನೊಂದು ಕಾರ್ಡು ಕೊಂಡರೂ ಸರಿ, ಆ ಮೇಲಿನ ಸಾಲನ್ನೇ ಆರಿಸಿ.